ಉಪ್ಪುನೀರಿಗೆ ಕಗ್ಗವೇ ಕಾವಲು. ಕಗ್ಗಕ್ಕೆ ಕಾವಲು ಯಾರು?

ಕುಮಟಾ: ಕಗ್ಗ ಎಂದರೆ ಪೇಟೆಯವರಿಗೆ ಪದ್ಯದ ನೆನಪು. ಅಘನಾಶಿನಿ ದಂಡೆಯ ಗಜನಿ ರೈತನಿಗೆ ಮಾತ್ರ ಅದು ಗಂಜಿ. ಉಪ್ಪುನೀರಿನಲ್ಲಿ ನಿಂತು ಬೆಳೆಯುವ, ನೆರೆಯಲ್ಲಿ ನಾಲ್ಕು ದಿನ ಮುಳುಗಿದರೂ ತಲೆ ಎತ್ತುವ, ಗೊಬ್ಬರ ಕೇಳದ, ಔಷಧಿ ಬೇಡದ ಭತ್ತ ಇದು. ಇಂಥ ಭತ್ತ ಇನ್ನೊಂದು ದೇಶದಲ್ಲಿ ಇದ್ದಿದ್ದರೆ ಅಲ್ಲಿಯವರು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದರು. ನಮ್ಮಲ್ಲಿ ಅದನ್ನು ಬಿತ್ತುವವರೇ ಕಡಿಮೆಯಾಗುತ್ತಿದ್ದಾರೆ!

ಹೋದರೆ ಒಂದು ಭತ್ತದ ತಳಿ ತಾನೆ, ಅಂಗಡಿಯಲ್ಲಿ ಸೋನಾ ಮಸೂರಿ ಸಿಗ್ತದಲ್ಲ, ಅದಕ್ಕೆಂತ ಇಷ್ಟು ಬೊಬ್ಬೆ ಎಂದು ಕೇಳುವವರಿದ್ದಾರೆ. ಹೋಗುವುದು ಭತ್ತ ಒಂದೇ ಅಲ್ಲ ಸ್ವಾಮೀ. ಭತ್ತದ ಜತೆ ಕಟ್ಟೆ ಹೋಗುತ್ತದೆ. ಕಟ್ಟೆ ಹೋದರೆ ಬಾವಿಯ ಸಿಹಿನೀರು ಹೋಗುತ್ತದೆ. ತೆಂಗು ಹೋಗುತ್ತದೆ. ಮೀನು ಹೋಗುತ್ತದೆ. ಕೊನೆಗೆ ಪೇಟೆಯ ವ್ಯಾಪಾರಕ್ಕೂ ಅದು ಬಂದು ತಟ್ಟುತ್ತದೆ. ಒಂದರ ಕಾಲಿಗೆ ಇನ್ನೊಂದು ಕಟ್ಟಿಕೊಂಡ ಸಂಸಾರವಿದು.

ಹವಾಮಾನ ಕೆಟ್ಟಿದೆ, ಸಮುದ್ರ ಏರುತ್ತಿದೆ, ಬಡ ದೇಶಗಳು ಈ ಪೆಟ್ಟನ್ನು ತಾಳಿಕೊಳ್ಳುವುದು ಹೇಗೆ ಎಂದು ದೊಡ್ಡ ದೊಡ್ಡ ಸಭೆಗಳು ನಡೆಯುತ್ತವೆ. ಎಲ್ಲದಕ್ಕೂ ಸಿಮೆಂಟು, ಕಬ್ಬಿಣ ಸುರಿದು ಮುಗಿಯುವುದಿಲ್ಲ. ಮರ, ಜೌಗು, ಕೆರೆ, ಕಾಡುಗಳನ್ನೇ ತಡೆಗೋಡೆ ಮಾಡಿಕೊಳ್ಳಿ ಎಂಬುದು ಈಗ ಅಲ್ಲಿ ಕೇಳಿಬರುವ ಮಾತು. ಈ ಮಾತು ಹುಟ್ಟುವ ಎಷ್ಟೋ ಮೊದಲೇ ನಮ್ಮ ಹಾಲಕ್ಕಿ ಒಕ್ಕಲಿಗರು, ಪಟಗಾರರು, ನಾಡವರು, ನಾಮಧಾರಿಗಳು, ಅಂಬಿಗರು ಅದನ್ನು ಕೆಸರಿನಲ್ಲಿ ನಿಂತು ಮಾಡಿ ತೋರಿಸಿದ್ದಾರೆ. ಅದರ ಹೆಸರು ಗಜನಿ.

ಗಜನಿ ಎಂದರೆ ಎಂತದು?

ಹೆದ್ದಾರಿಯಲ್ಲಿ ಕುಮಟಾದಿಂದ ಅಂಕೋಲಾಕ್ಕೆ ಬಸ್ಸಿನಲ್ಲಿ ಹೋಗುವವರು ದೀವಗಿ ಸೇತುವೆ ಬಂದಾಗ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು. ಕೆಳಗೆ ಅಗಲವಾಗಿ ಹರಿಯುವವಳೇ ಅಘನಾಶಿನಿ. ಶಿರಸಿ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು, ಅಘನಾಶಿನಿ ಮತ್ತು ತದಡಿ ಊರುಗಳ ನಡುವೆ ಕಡಲು ಸೇರುತ್ತಾಳೆ. ಇವಳ ಮೈಗೆ ಇದುವರೆಗೆ ದೊಡ್ಡ ಅಣೆಕಟ್ಟಿನ ಬೇಡಿ ಬಿದ್ದಿಲ್ಲ.

ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಭರತದ ಹೊತ್ತಿನಲ್ಲಿ ಉಪ್ಪುನೀರು ನದಿಯೊಳಗೆ ಮೈಲಿಗಟ್ಟಲೆ ನುಗ್ಗುತ್ತದೆ. ಇಳಿತಕ್ಕೆ ಮತ್ತೆ ಹಿಂದೆ ಸರಿಯುತ್ತದೆ. ಈ ನೀರು ಬಂದು ಹೋಗುವ ತಗ್ಗು ಜಾಗಗಳೇ ಗಜನಿ. ಮಾಣಿಕಟ್ಟಾ, ಹೆಗಡೆ, ಮಾಸೂರು, ಕಾಗಾಲ, ಮಿರ್ಜಾನ, ತೊರ್ಕೆ ಹೀಗೆ ನದಿಯ ಎರಡೂ ಕಡೆ ಇಂಥ ಸಾವಿರಾರು ಎಕರೆ ಭೂಮಿ ಉಂಟು.

ಹಿಂದಿನವರು ಏನು ಮಾಡಿದರು? ಗಜನಿಯ ಸುತ್ತ ಕೆಸರು ಮಣ್ಣಿನಿಂದ ಕಟ್ಟೆ ಕಟ್ಟಿದರು. ಅಲ್ಲಲ್ಲಿ ಮರದ ಹಲಗೆಯ ಬಾಗಿಲು ಇಟ್ಟರು. ಅದಕ್ಕೆ ಜಂತ್ರಡಿ ಎಂದು ಹೆಸರು. ಮಳೆಗಾಲದಲ್ಲಿ ಭರತ ಬಂದಾಗ ಬಾಗಿಲು ಹಾಕುವುದು, ಇಳಿತಕ್ಕೆ ತೆಗೆಯುವುದು. ಹೊರಗಿನ ಉಪ್ಪುನೀರು ಒಳಗೆ ಬರಬಾರದು, ಒಳಗಿನ ಮಳೆನೀರು ಹೊರಗೆ ಹೋಗಬೇಕು. ಇಷ್ಟೇ ಲೆಕ್ಕ. ಇದಕ್ಕೆ ಕರೆಂಟು ಬೇಡ, ಪಂಪು ಬೇಡ, ಇಂಜಿನಿಯರು ಬೇಡ. ಬೇಕಾದ್ದು ಹೊತ್ತಿಗೆ ಸರಿಯಾಗಿ ಬಾಗಿಲು ನೋಡಿಕೊಳ್ಳುವ ಒಬ್ಬ ಮನುಷ್ಯ, ಕಟ್ಟೆ ಬಿರಿದ ದಿನ ಹಾರೆ ಬುಟ್ಟಿ ಹಿಡಿದು ಬರುವ ಹತ್ತು ಮಂದಿ.

ಕಗ್ಗದ ಕರಾಮತ್ತು

ಜೂನ್ ತಿಂಗಳ ಮೊದಲ ಮಳೆಗೆ ಮಣ್ಣಿನ ಉಪ್ಪು ತೊಳೆದು ಹೋಗುತ್ತದೆ. ಆಗ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ. ಕರಿಕಗ್ಗ, ಬಿಳಿಕಗ್ಗ ಎಂದು ಅದರಲ್ಲೂ ಬಗೆ ಉಂಟು. ಬಿತ್ತಿದ ಮೇಲೆ ಯೂರಿಯಾ ಇಲ್ಲ, ಪೊಟ್ಯಾಷ್ ಇಲ್ಲ. ಘಟ್ಟದಿಂದ ನೆರೆನೀರು ಹೊತ್ತು ತರುವ ಗೋಡು ಮಣ್ಣು, ಎಲೆ ಕೊಳೆ, ಇಷ್ಟೇ ಅದಕ್ಕೆ ಗೊಬ್ಬರ. ಪೈರು ಆಳೆತ್ತರಕ್ಕೆ ಹತ್ತಿರ ಹತ್ತಿರ ಬೆಳೆಯುತ್ತದೆ. ನೀರು ಏರಿದರೆ ಅದೂ ಏರುತ್ತದೆ. ನೆರೆ ಬಂದು ಮೇಲಿನವರೆಗೂ ಮುಳುಗಿದರೂ ಕೆಲವು ದಿನ ಉಸಿರು ಹಿಡಿದು ನಿಲ್ಲುತ್ತದೆ. ಕಟ್ಟೆ ಸೋರಿ ಸ್ವಲ್ಪ ಉಪ್ಪು ಒಳಗೆ ಬಂದರೂ ಸೈ, ತಾಳಿಕೊಳ್ಳುತ್ತದೆ. ಹೈಬ್ರಿಡ್ ತಳಿ ತಂದು ಇಲ್ಲಿ ನೆಟ್ಟರೆ ಮೊದಲ ನೆರೆಗೇ ಗದ್ದೆಯಲ್ಲಿ ಉಳಿಯುವುದು ಬರೀ ಕೊಳೆತ ಹುಲ್ಲು.

ಕೊಯ್ಲು ನೋಡುವಂಥದ್ದು. ಅಕ್ಟೋಬರ್ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ತೆನೆ ಮಾತ್ರ ಕತ್ತರಿಸುತ್ತಾರೆ. ತೆನೆಯ ಹೊರೆಯನ್ನು ದೋಣಿಯಲ್ಲಿ ದಡಕ್ಕೆ ಸಾಗಿಸುವುದೂ ಉಂಟು. ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ದಡ್ಡತನ ಅಂತ ತಿಳಿಯಬೇಡಿ. ಕೊಯ್ಲು ಮುಗಿದ ಮೇಲೆ ಜಂತ್ರಡಿ ತೆರೆದು ಉಪ್ಪುನೀರು ಒಳಗೆ ಬಿಡುತ್ತಾರೆ. ನೀರಿನ ಜತೆ ಸಿಗಡಿ ಮರಿ, ಮೀನು ಮರಿ, ಏಡಿ ಎಲ್ಲ ಒಳಗೆ ಬರುತ್ತವೆ. ಕೊಳೆಯುವ ಆ ಹುಲ್ಲೇ ಅವಕ್ಕೆ ಮೇವು. ಮುಂದೆ ಇಳಿತದ ಹೊತ್ತಿನಲ್ಲಿ ಜಂತ್ರಡಿಗೆ ಬಲೆ ಕಟ್ಟಿದರೆ ಮೀನು ತಾನಾಗಿ ಬಂದು ಬೀಳುತ್ತದೆ. ಮೀನು ಸಿಗಡಿಗಳ ಹಿಕ್ಕೆ ಮತ್ತೆ ಮುಂದಿನ ವರ್ಷದ ಕಗ್ಗಕ್ಕೆ ಗೊಬ್ಬರ. ವರ್ಷಕ್ಕೆ ಎರಡು ಬೆಳೆ: ಒಂದು ಅನ್ನ, ಒಂದು ಸಾರು!

ಕೇರಳದ ಪೊಕ್ಕಾಳಿ, ಗೋವೆಯ ಖಾಜನ್ ಗದ್ದೆಗಳು ಇದರ ನೆಂಟರೇ. ಪೊಕ್ಕಾಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಉಪ್ಪು ತಾಳುವ ಗುಣವನ್ನು ಹಿಡಿದು ವಿಜ್ಞಾನಿಗಳು ಬೇರೆ ಬೇರೆ ಭತ್ತಗಳಿಗೆ ಸೇರಿಸಿದ್ದಾರೆ. ನಮ್ಮ ಕಗ್ಗದ ಹೆಸರು ಮಾತ್ರ ಕುಮಟಾದಿಂದ ಹೊನ್ನಾವರ ದಾಟುವಷ್ಟರಲ್ಲಿ ಮರೆತು ಹೋಗುತ್ತದೆ.

ಬೀಜ ಕಳಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳದ ಸುಂದರಬನ ಸಾಕ್ಷಿ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಬಡಿದು ಗದ್ದೆಗಳಿಗೆಲ್ಲ ಸಮುದ್ರದ ನೀರು ನುಗ್ಗಿತು. ಹೊಸ ತಳಿಯ ಭತ್ತಗಳು ಆ ಉಪ್ಪಿನಲ್ಲಿ ಏಳಲಿಲ್ಲ. ಅಜ್ಜನ ಕಾಲದ ಉಪ್ಪುಭತ್ತದ ಬೀಜ ಎಲ್ಲಿದೆ ಎಂದು ಜನ ಹುಡುಕಿಕೊಂಡು ಅಲೆದರು. ಅಷ್ಟು ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಹೊಲಗಳಿಂದ ಮಾಯವಾಗಿದ್ದವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಕತೆ.

ಸಂಬಳವಿಲ್ಲದ ಕಾವಲುಗಾರ

ಗಜನಿಯ ಕಟ್ಟೆ ಬರೀ ಮಣ್ಣು. ಅದು ನಿಲ್ಲುವುದು ಹೇಗೆ? ಕಟ್ಟೆಯ ಹೊರಗೆ ಕಾಂಡ್ಲ ಗಿಡ ನಿಂತಿರುತ್ತದಲ್ಲ, ಅದರ ಬಲದಿಂದ. ಕಾಂಡ್ಲದ ಬೇರುಗಳು ಕೊಡೆಯ ಕಡ್ಡಿಯಂತೆ ಬಾಗಿ ಕೆಸರನ್ನು ಹಿಡಿದಿರುತ್ತವೆ. ತೆರೆ ಬಂದರೆ ಮೊದಲು ಬೇರಿಗೆ ಬಡಿಯಬೇಕು, ಆಮೇಲೆ ಕಟ್ಟೆಗೆ. ನೂರು ಮೀಟರು ಅಗಲದ ಕಾಂಡ್ಲ ಕಾಡು ತೆರೆಯ ಎತ್ತರವನ್ನು ಶೇಕಡಾ 13ರಿಂದ 66ರವರೆಗೆ ತಗ್ಗಿಸಬಲ್ಲದು ಎಂದು ಅಳೆದು ನೋಡಿದವರು ಲೆಕ್ಕ ಕೊಟ್ಟಿದ್ದಾರೆ. ನದಿ ಹೊತ್ತು ತಂದ ಮಣ್ಣು ಬೇರಿನ ನಡುವೆ ಸಿಕ್ಕಿಬಿದ್ದು ನೆಲ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಸಿಮೆಂಟಿನ ಗೋಡೆ ಹಾಗಲ್ಲ. ಕಟ್ಟಿದ ದಿನ ಎಷ್ಟು ಎತ್ತರವೋ ಅಷ್ಟೇ. ಮಾರನೇ ದಿನದಿಂದ ಅದರ ಆಯುಸ್ಸು ಇಳಿಮುಖ.

ಕಾಂಡ್ಲದ್ದು ಇನ್ನೊಂದು ವಿಶೇಷ. ಅದರ ಬೀಜ ಮರದ ಮೇಲೆಯೇ ಮೊಳೆಯುತ್ತದೆ. ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತು, ಬಲಿತ ಮೇಲೆ ಕೆಸರಿಗೆ ಭರ್ಜಿಯ ಹಾಗೆ ಬಿದ್ದು ನಾಟಿಕೊಳ್ಳುತ್ತದೆ. ಇಲ್ಲವೆ ನೀರಿನಲ್ಲಿ ತೇಲಿ ಇನ್ನೊಂದು ಕಡೆ ಬೇರು ಬಿಡುತ್ತದೆ. ಅದರ ಬುಡದಲ್ಲೇ ಸಿಗಡಿ, ಏಡಿ, ನೊಗ್ಲಿ ಮರಿಗಳ ಬಾಲವಾಡಿ. ದೊಡ್ಡ ಮೀನು ಅಲ್ಲಿ ನುಗ್ಗಲಾರದು.

ರಾಜ್ಯದ ಕಾಂಡ್ಲ ಕಾಡು ಹೆಚ್ಚೇನೂ ಇಲ್ಲ. ಅರಣ್ಯ ಸಮೀಕ್ಷೆಯ ವರದಿ ಪ್ರಕಾರ 2019ರಲ್ಲಿ 10 ಚದರ ಕಿಲೋಮೀಟರು, 2021ರಲ್ಲಿ 13. ದೇಶದಲ್ಲಿ ಒಟ್ಟು 4,992 ಎಂದು ಅದೇ 2021ರ ವರದಿ ಹೇಳಿತು. ನಮ್ಮ ಪಾಲು ಉಪ್ಪಿನಕಾಯಿಯಷ್ಟು. ಆದರೂ ಏರುತ್ತಿದೆ ಎಂಬುದು ಸಮಾಧಾನ. ಅರಣ್ಯ ಇಲಾಖೆಯವರು ಕಾಳಿ, ಶರಾವತಿ, ಅಘನಾಶಿನಿ ಅಳಿವೆಗಳಲ್ಲಿ ನೆಟ್ಟಿದ್ದಾರೆ. ಹೊನ್ನಾವರ, ಕಾರವಾರಗಳಲ್ಲಿ ಕಾಂಡ್ಲದ ನಡುವೆ ಹಲಗೆಯ ಹಾದಿ ಮಾಡಿ ಪ್ರವಾಸಿಗರು ಫೋಟೋ ಹೊಡೆಸಿಕೊಳ್ಳುವ ಹಾಗೂ ಆಗಿದೆ. ಫೋಟೋ ಹೊಡೆಸಿಕೊಳ್ಳಲಿ, ಬೇಡ ಅನ್ನುವವರಿಲ್ಲ. ಆ ಗಿಡ ನಿಂತದ್ದು ಯಾತಕ್ಕೆ ಎಂಬುದೂ ಗೊತ್ತಿದ್ದರೆ ಒಳ್ಳೆಯದು.

ಕಡಲು ಒಂದು ಗೇಣು ಏರಿದೆ

ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2021ರಲ್ಲಿ ಕೊಟ್ಟ ವರದಿ ಪ್ರಕಾರ 1901ರಿಂದ 2018ರವರೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರು ಏರಿದೆ. ಅಂದರೆ ಹತ್ತಿರ ಹತ್ತಿರ ಒಂದು ಗೇಣು. ಏರುವ ವೇಗವೂ ಹೆಚ್ಚಾಗಿದೆ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರು. ಈ ಶತಮಾನದ ಕೊನೆಗೆ ಕಡಿಮೆ ಎಂದರೆ ಸುಮಾರು ಒಂದಡಿ, ಹೊಗೆ ಬಿಡುವುದನ್ನು ನಿಲ್ಲಿಸದಿದ್ದರೆ ಮೂರಡಿಯವರೆಗೂ ಏರಬಹುದೆಂದು ಅಂದಾಜು.

ಗೇಣಿಗೆ ಯಾರು ಹೆದರುತ್ತಾರೆ ಎನ್ನಬೇಡಿ. ಜಂತ್ರಡಿಯ ಲೆಕ್ಕ ಹಾಕಿ ನೋಡಿ. ಗಜನಿಯೊಳಗಿನ ಮಳೆನೀರು ಹೊರಗೆ ಹೋಗುವುದು ಹೊರಗಿನ ನೀರು ಒಳಗಿನದಕ್ಕಿಂತ ಕೆಳಗಿದ್ದಾಗ ಮಾತ್ರ. ಕಡಲು ಏರಿದಷ್ಟೂ ಇಳಿತದ ಮಟ್ಟವೂ ಮೇಲೆ ಬರುತ್ತದೆ. ಬಾಗಿಲು ತೆರೆದಿಡಬಹುದಾದ ಹೊತ್ತು ಕಡಿಮೆಯಾಗುತ್ತದೆ. ಅದರ ಮೇಲೆ ಘಟ್ಟದಲ್ಲಿ ಒಂದೇ ದಿನ ಧೋ ಎಂದು ಮಳೆ ಹೊಯ್ದರೆ? ಮುಂದಿನಿಂದ ಭರತ, ಹಿಂದಿನಿಂದ ನೆರೆ. ನಡುವೆ ಸಿಕ್ಕಿದ ಊರು ಅಡಕತ್ತರಿಯಲ್ಲಿ ಅಡಿಕೆ. 2019ರ ಆಗಸ್ಟ್ ನೆರೆಯಲ್ಲಿ ಈ ಕಡೆಯ ನದಿಗಳೆಲ್ಲ ಉಕ್ಕಿ ಮನೆಗಳಿಗೆ ನೀರು ನುಗ್ಗಿದ್ದು ಜನ ಇನ್ನೂ ಮರೆತಿಲ್ಲ.

ಚಂಡಮಾರುತ ಎಂದರೆ ಮೊದಲೆಲ್ಲ ಪೂರ್ವದ ಕಡಲಿನವರ ತಲೆನೋವು ಎಂದು ನಮ್ಮವರು ನಿಶ್ಚಿಂತೆಯಿಂದ ಇದ್ದರು. ಈಗ ಅರಬ್ಬೀ ಸಮುದ್ರವೂ ಬಿಸಿಯೇರಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಂಡೆಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಹಾದು ಹೋದದ್ದಕ್ಕೇ ಇಲ್ಲಿ ಮನೆ, ದೋಣಿ, ರಸ್ತೆಗಳ ಗತಿ ಏನಾಯಿತೆಂದು ಕಂಡಿದ್ದೇವೆ. ನೇರ ಬಂದು ಬಡಿದರೆ?

ಕಡಲ್ಕೊರೆತಕ್ಕೆ ಸರಕಾರಕ್ಕೆ ಗೊತ್ತಿರುವ ಮದ್ದು ಒಂದೇ: ಕಲ್ಲು ಸುರಿ. ಈ ಮಳೆಗೆ ಸುರಿದ ಕಲ್ಲು ಕಡಲು ನುಂಗಿದರೆ ಮುಂದಿನ ಮಳೆಗೆ ಮತ್ತೆ ಸುರಿ. ಒಂದು ಕಡೆ ಕಲ್ಲಿನ ಗೋಡೆ ಹಾಕಿದರೆ ತೆರೆ ಪಕ್ಕದ ಊರಿನ ದಂಡೆ ತಿನ್ನುತ್ತದೆ. 1990ರಿಂದ 2018ರವರೆಗಿನ ಲೆಕ್ಕದಲ್ಲಿ ದೇಶದ ಕರಾವಳಿಯ ಶೇಕಡಾ 33.6 ಭಾಗ ಕೊರೆತಕ್ಕೆ ತುತ್ತಾಗಿದೆ. ಬಯಲು ಕಡಲ ಎದುರು ಕಾಂಡ್ಲ ನಿಲ್ಲುವುದಿಲ್ಲ, ಅಲ್ಲಿ ಕಲ್ಲು ಬೇಕಾಗಬಹುದು ಎಂಬುದು ನಿಜ. ಆದರೆ ಅಳಿವೆಯ ಒಳಗೆ, ನದಿಯ ಬದಿಗೆ, ಗಜನಿಯ ಅಂಚಿಗೆ ಕಾಂಡ್ಲ ನಿಲ್ಲುವಲ್ಲಿಯೂ ಕಲ್ಲೇ ಯಾಕೆ? ಗಿಡ ನೆಟ್ಟರೆ ಟೆಂಡರು ಚಿಕ್ಕದು, ಕಲ್ಲಿಗೆ ದೊಡ್ಡದು. ಉತ್ತರ ಅಲ್ಲೇ ಇದೆಯೋ ಏನೋ, ಓದುವವರೇ ಊಹಿಸಿಕೊಳ್ಳಬಹುದು.

ಕೆಟ್ಟದ್ದು ಹೇಗೆ?

ಮಣ್ಣಿನ ಕಟ್ಟೆ ವರ್ಷ ವರ್ಷ ರಿಪೇರಿ ಬೇಡುತ್ತದೆ. ಏಡಿ ತೂತು ಕೊರೆಯುತ್ತದೆ, ತೆರೆ ಕೊರೆಯುತ್ತದೆ. ಹಿಂದೆ ಗಜನಿಯವರೆಲ್ಲ ಸೇರಿ ಈ ಕೆಲಸ ಮಾಡುತ್ತಿದ್ದರು. ಆಮೇಲೆ ಸರಕಾರ ಖಾರ್‌ಲ್ಯಾಂಡ್ ಯೋಜನೆ ತಂದು ಉದ್ದುದ್ದ ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಒಳ್ಳೆಯ ಉದ್ದೇಶವೇ. ಉಪ್ಪು ನಿಂತಿತು, ಗದ್ದೆ ಉಳಿಯಿತು. ಆದರೆ ಕಟ್ಟೆ ಸರಕಾರದ್ದು ಎಂದಾದ ದಿನದಿಂದ ರಿಪೇರಿಯೂ ಸರಕಾರದ್ದೇ ಎಂದಾಯಿತು. ಸರಕಾರದ ಕಡತ ನಡೆಯುವ ವೇಗಕ್ಕೂ ಕಡಲ ತೆರೆಯ ವೇಗಕ್ಕೂ ಎಲ್ಲಿಯ ತಾಳ, ಎಲ್ಲಿಯ ಮೇಳ?

ಆಮೇಲೆ ಬಂತು ಸಿಗಡಿ ಕಾಲ. 1990ರ ದಶಕದಲ್ಲಿ ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು. ಭತ್ತ ಬೆಳೆದರೆ ವರ್ಷವಿಡೀ ದುಡಿತ, ಗುತ್ತಿಗೆಗೆ ಕೊಟ್ಟರೆ ಕೂತಲ್ಲಿ ಹಣ. ಯಾರನ್ನು ದೂರುವುದು? ಮಳೆಗಾಲದಲ್ಲೂ ಉಪ್ಪುನೀರು ಒಳಗೇ ನಿಂತಿತು. ಕಗ್ಗ ಬಿತ್ತುವುದು ನಿಂತಿತು. ಅಷ್ಟರಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೊಳಗಳು ಒಂದರ ಹಿಂದೊಂದು ಸತ್ತವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ, ಸಾಂಪ್ರದಾಯಿಕ ಸಾಕಣೆ ಬಿಟ್ಟು, ಸಿಗಡಿ ಉದ್ದಿಮೆಗೆ ತಡೆ ಹಾಕಿತು. ಗುತ್ತಿಗೆದಾರರು ಗಂಟು ಕಟ್ಟಿಕೊಂಡು ಹೋದರು. ಉಳಿದದ್ದು ಒಡೆದ ಕಟ್ಟೆ, ಉಪ್ಪು ಹಿಡಿದ ನೆಲ, ಬೀಜವಿಲ್ಲದ ಕಣಜ.

ಆದರೂ ಕೆಲವರು ಬಿಡಲಿಲ್ಲ. ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಒಟ್ಟಾಗಿ ಕಗ್ಗ ಬೆಳೆದು ಬೀಜ ಉಳಿಸಿಕೊಂಡರು. ಇವತ್ತು ಕಗ್ಗ ಜೀವಂತವಾಗಿದ್ದರೆ ಅದು ಇಂಥವರ ಹಟದಿಂದ.

ಹೊಸದೊಂದು ಇಕ್ಕಟ್ಟೂ ಎದ್ದಿದೆ. ಬೀಳು ಬಿದ್ದ ಗಜನಿಯೊಳಗೆ ಕಾಂಡ್ಲ ತಾನಾಗಿ ಎದ್ದು ನಿಲ್ಲುತ್ತದೆ. ಕರಾವಳಿ ನಿಯಮದಲ್ಲಿ ಕಾಂಡ್ಲಕ್ಕೆ ಬಿಗಿಯಾದ ರಕ್ಷಣೆ ಉಂಟು. ಕಡಿದರೆ ಕೇಸು, ಬಿಟ್ಟರೆ ಗದ್ದೆ ಹೋಯಿತು! ಕಾಂಡ್ಲವೂ ಬೇಕು, ಕಗ್ಗವೂ ಬೇಕು. ಕಾಂಡ್ಲ ಕಟ್ಟೆಯ ಹೊರಗೆ, ಕಗ್ಗ ಕಟ್ಟೆಯ ಒಳಗೆ. ಹಿಂದಿನವರು ಮಾಡಿದ್ದ ಪಾಲು ಇದು. ಈ ಪಾಲನ್ನು ಸರ್ವೆ ನಂಬರು ಹಿಡಿದು ಊರೂರಲ್ಲಿ ಕೂತು ತೀರ್ಮಾನಿಸುವವರು ಯಾರು?

ಹೊರಗಿನವರ ಜಮಾಖರ್ಚು

ವ್ಯಾಪಾರಸ್ಥರಿಗೆ ಲೆಕ್ಕ ಬೇಕು. ಇಲ್ಲಿದೆ ಲೆಕ್ಕ. ವಿಯೆಟ್ನಾಂ ದೇಶದ ಉತ್ತರ ಕರಾವಳಿಯಲ್ಲಿ ರೆಡ್‌ಕ್ರಾಸ್ ಸಂಸ್ಥೆ 1994ರಿಂದ ಕಡಲ ಕಟ್ಟೆಗಳ ಮುಂದೆ ಸುಮಾರು 12,000 ಹೆಕ್ಟೇರಿನಲ್ಲಿ ಕಾಂಡ್ಲ ಬೆಳೆಸಿತು. ಖರ್ಚು ಸುಮಾರು 11 ಲಕ್ಷ ಡಾಲರು. ಕಟ್ಟೆ ರಿಪೇರಿಯಲ್ಲಿ ಉಳಿದದ್ದು ವರ್ಷಕ್ಕೆ ಸುಮಾರು 73 ಲಕ್ಷ ಡಾಲರು ಎಂದು 2002ರ ವಿಶ್ವ ವಿಪತ್ತು ವರದಿಯಲ್ಲಿ ದಾಖಲಾಗಿದೆ. 2000ನೇ ಇಸವಿಯಲ್ಲಿ ಅಲ್ಲಿಗೆ ತೂಫಾನು ಬಂದಾಗ ಕಾಂಡ್ಲದ ಹಿಂದಿನ ಕಟ್ಟೆಗಳು ನಿಂತವು. ಒಂದು ರೂಪಾಯಿ ಬಂಡವಾಳ ಹಾಕಿ ವರ್ಷ ವರ್ಷ ಆರು ರೂಪಾಯಿಗೂ ಮೀರಿ ಉಳಿಸುವ ಧಂದೆ ಪೇಟೆಯಲ್ಲಿ ಬೇರೆ ಯಾವುದು ಉಂಟು?

ನಮ್ಮದೇ ದೇಶದ ಒಡಿಶಾ ನೋಡಿ. 1999ರ ಅಕ್ಟೋಬರ್ 29ರಂದು ಬಡಿದ ಮಹಾ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜೀವ ಹೋಯಿತು. ಕೇಂದ್ರಾಪಾಡಾ ಜಿಲ್ಲೆಯ 409 ಹಳ್ಳಿಗಳ ಲೆಕ್ಕವನ್ನು ಸಂಶೋಧಕರು ಜಾಲಾಡಿ 2009ರಲ್ಲಿ ಪ್ರಕಟಿಸಿದರು. ಕಡಲಿಗೂ ಹಳ್ಳಿಗೂ ನಡುವೆ ಅಗಲವಾದ ಕಾಂಡ್ಲ ಕಾಡು ಇದ್ದಲ್ಲಿ ಸಾವು ಕಡಿಮೆ. ಕಾಡು ಕಿರಿದಾದಲ್ಲಿ, ಇಲ್ಲದಲ್ಲಿ ಹೆಚ್ಚು. ಮುಂಚಿತವಾಗಿ ಎಚ್ಚರಿಕೆ ಕೊಟ್ಟು ಜನರನ್ನು ಸಾಗಿಸಿದ್ದರಿಂದ ಉಳಿದ ಜೀವಗಳು ಇನ್ನೂ ಹೆಚ್ಚು ಎಂಬುದನ್ನೂ ಅವರು ಮರೆಮಾಚಲಿಲ್ಲ. ಗಿಡ ನೆಟ್ಟು ರೇಡಿಯೋ ಬಂದ್ ಮಾಡಿ ಮಲಗಿ ಎಂದು ಯಾರೂ ಹೇಳಿಲ್ಲ. ಎರಡೂ ಬೇಕು.

ಪೇಟೆಯವರಿಗೇನು ನಷ್ಟ?

ಗಜನಿ ಹಾಳಾದರೆ ಅಂಗಡಿಯವನಿಗೇನು? ಉಂಟು ಮಾರಾಯ್ರೆ. ಅಘನಾಶಿನಿ ಅಳಿವೆಯ ಬಳಚು, ಕಲ್ಗ, ಏಡಿ, ಸಿಗಡಿ ಹಿಡಿದು ಬದುಕುವ ಮನೆಗಳು ಸಾವಿರಾರು. ಇಳಿತದ ಹೊತ್ತಿಗೆ ಹೆಂಗಸರು ಕೆಸರಿನಲ್ಲಿ ಬಗ್ಗಿ ಬಳಚು ಆರಿಸುತ್ತಾರೆ. ಬುಟ್ಟಿ ಹೊತ್ತು ಬಸ್ಸು ಹತ್ತುತ್ತಾರೆ. ಬುಟ್ಟಿ ಖಾಲಿಯಾದ ಮೇಲೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಕಿರಾಣಿ ಅಂಗಡಿಗೆ, ಜವಳಿ ಅಂಗಡಿಗೆ, ಔಷಧಿ ಅಂಗಡಿಗೆ, ಮಕ್ಕಳ ಪಟ್ಟಿ ಪುಸ್ತಕಕ್ಕೆ. ಬುಟ್ಟಿ ತುಂಬದ ದಿನ ಅಂಗಡಿಯ ಗಲ್ಲೆಯೂ ತುಂಬುವುದಿಲ್ಲ. ಉದ್ರಿ ಪುಸ್ತಕ ಮಾತ್ರ ತುಂಬುತ್ತದೆ.

ನದಿಯ ಹದ ತಪ್ಪಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಾಗಿಲ್ಲ. ಪಕ್ಕದ ಹೊನ್ನಾವರದ ಶರಾವತಿ ಸಾಕು. ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ವಿದ್ಯುತ್ತು ಮಾಡಿ ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಹರಿದು ಅಲ್ಲಿ ಉಪ್ಪಿನ ಅಂಶ ಕುಸಿಯಿತು. ಉಪ್ಪು ಸಿಹಿ ಬೆರೆತ ನೀರನ್ನೇ ನಂಬಿದ್ದ ಚಿಪ್ಪಿನ ಜೀವಿಗಳು ಕುಸಿದವು. ವಿದ್ಯುತ್ತು ಬಂದದ್ದು ನಾಡಿಗೆಲ್ಲ, ಬಳಚು ಹೋದದ್ದು ಅಲ್ಲಿಯ ಮೀನುಗಾರರಿಗೆ.

ಅಘನಾಶಿನಿಯ ಮೇಲೂ ಕಣ್ಣು ಬೀಳದೆ ಇರಲಿಲ್ಲ. ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನ ಎದ್ದು ನಿಂತರು, ಪ್ರಸ್ತಾಪ ಬಿತ್ತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗು ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು. ಹೆಮ್ಮೆಯ ವಿಷಯ. ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಒಡೆದ ಕಟ್ಟೆ ಕೂಡಿಕೊಳ್ಳುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಹೊಟ್ಟೆ ತುಂಬುವುದೂ ಇಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಗೆ ಬಿದ್ದದ್ದು, ಚಹಾ ಅಂಗಡಿ ಸಮೇತ ಜನ ಗಂಗಾವಳಿ ಪಾಲಾದದ್ದು ಎಲ್ಲರಿಗೂ ಗೊತ್ತು. ಗುಡ್ಡದ ಮಣ್ಣು ನದಿಗೆ ಬಿದ್ದ ಹೊಡೆತಕ್ಕೆ ನೀರು ಚಿಮ್ಮಿ ಆಚೆ ದಡದ ಉಳುವರೆಯ ಮನೆಗಳೂ ಹೋದವು. ಭಾರೀ ಮಳೆ ಒಂದು ಕಾರಣ. ಹೆದ್ದಾರಿಗಾಗಿ ಗುಡ್ಡ ಕಡಿದ ರೀತಿಯ ಮೇಲೂ ಪ್ರಶ್ನೆಗಳು ಎದ್ದವು. ಅಳಿವೆಯಲ್ಲಿ ಕಾಂಡ್ಲ ಹೇಗೋ ಗುಡ್ಡದಲ್ಲಿ ಮರದ ಬೇರು ಹಾಗೆ. ಹಿಡಿದುಕೊಂಡದ್ದನ್ನು ಬಿಡಿಸಿದರೆ ಬೀಳುವುದು ಒಬ್ಬರ ತಲೆ ಮೇಲಲ್ಲ.

ಗಿಡ ನೆಟ್ಟು ಫೋಟೋ ತೆಗೆಸಿದರೆ ಆಯಿತೇ?

ಈಗ ಕಾಂಡ್ಲಕ್ಕೆ ಶುಕ್ರದೆಸೆ. ಕೇಂದ್ರ ಸರಕಾರ 2023ರ ಬಜೆಟ್ಟಿನಲ್ಲಿ ಮಿಷ್ಟಿ ಎಂಬ ಯೋಜನೆ ಸಾರಿತು. ಐದು ವರ್ಷದಲ್ಲಿ ದೇಶದ ಕರಾವಳಿಯ 540 ಚದರ ಕಿಲೋಮೀಟರಿನಲ್ಲಿ ಕಾಂಡ್ಲ ಬೆಳೆಸುವುದು, ಇದ್ದದ್ದನ್ನು ಸುಧಾರಿಸುವುದು ಅದರ ಗುರಿ. ಒಳ್ಳೆಯದು. ಆದರೆ ಇಲ್ಲೊಂದು ಎಚ್ಚರಿಕೆ. ಫಿಲಿಪ್ಪೀನ್ಸ್ ದೇಶದಲ್ಲಿ ಕೋಟಿಗಟ್ಟಲೆ ಹಣ ಸುರಿದು ಕಾಂಡ್ಲ ನೆಟ್ಟರು. ಬದುಕಿದ್ದು ನೂರಕ್ಕೆ ಹತ್ತು, ಇಪ್ಪತ್ತು ಎಂದು 2008ರಲ್ಲಿ ಸಂಶೋಧಕರು ಬರೆದರು. ಕಾರಣವೇನು? ನೆಡಬಾರದ ಜಾತಿಯನ್ನು ನೆಡಬಾರದ ಜಾಗದಲ್ಲಿ ನೆಟ್ಟದ್ದು. ಜನರ ಹಿಡಿತದ ಜಾಗ ಬಿಟ್ಟು, ತಕರಾರು ಇಲ್ಲದ ಬಯಲು ಕೆಸರು ಹುಡುಕಿದ್ದು. ಸಂಖ್ಯೆ ಬಂತು, ಕಾಡು ಬರಲಿಲ್ಲ.

ನಮ್ಮ ಅಳಿವೆಯಲ್ಲೂ ಬಯಲು ಕೆಸರು ಎಂದು ಕಾಣುವುದು ಖಾಲಿ ಜಾಗವಲ್ಲ. ಅದು ಬಳಚಿನ ಹೊಲ. ಹೆಂಗಸರ ದುಡಿಮೆಯ ಗದ್ದೆ. ಅಲ್ಲಿ ಸಾಲು ಹಿಡಿದು ಗಿಡ ನೆಟ್ಟರೆ ಕಾಡು ಬೆಳೆದೀತು, ಬಳಚು ಹೋದೀತು. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂದು ನಕ್ಷೆ ಹಿಡಿದವರಿಗಿಂತ ಚೆನ್ನಾಗಿ ಬುಟ್ಟಿ ಹಿಡಿದವಳಿಗೆ ಗೊತ್ತು. ಅವಳನ್ನು ಕೇಳಿದವರುಂಟೇ?

ಆಗಬೇಕಾದ್ದು ಇಷ್ಟು

ಬೇಕಾದ್ದು ಚಂದ್ರಲೋಕದ ಯೋಜನೆಯಲ್ಲ. ಮೊದಲನೆಯದು, ಒಡೆದ ಗಜನಿ ಕಟ್ಟೆ, ಕೊಳೆತ ಜಂತ್ರಡಿಗಳ ರಿಪೇರಿ ಮಳೆಗಾಲದ ಮೊದಲೇ ಮುಗಿಯಬೇಕು. ಮೇ ತಿಂಗಳಲ್ಲಿ ಆಗಬೇಕಾದ ಕೆಲಸಕ್ಕೆ ಆಗಸ್ಟಿನಲ್ಲಿ ಮಂಜೂರಾತಿ ಬಂದರೆ ಯಾವ ಪುರುಷಾರ್ಥ? ಆ ಹಣ ಗಜನಿಯವರ ಸಂಘಗಳ ಕೈಗೇ ಬಂದರೆ ಕಟ್ಟೆ ಯಾರದ್ದು ಎಂಬ ಪ್ರಶ್ನೆಯೂ ತೀರುತ್ತದೆ.

ಎರಡನೆಯದು, ಕಗ್ಗಕ್ಕೆ ಬೆಲೆ. ಸೊಂಟಮಟ್ಟ ನೀರಿನಲ್ಲಿ ನಿಂತು ಕೊಯ್ದ, ಔಷಧಿ ಕಾಣದ ಅಕ್ಕಿಗೂ ಸಾದಾ ಭತ್ತದ ದರವೇ ಸಿಕ್ಕಿದರೆ ಯಾವ ಮಗ ಗಜನಿಗೆ ಇಳಿದಾನು? ಇಲ್ಲಿ ಪೇಟೆಯ ವ್ಯಾಪಾರಸ್ಥರ ಕೆಲಸವೂ ಉಂಟು. ಗೋಕರ್ಣಕ್ಕೆ ಬರುವ ಯಾತ್ರಿಕರಿಗೆ, ಪ್ರವಾಸಿಗರಿಗೆ ಊರ ಅಕ್ಕಿ ಎಂದು ಒಂದು ಚೀಲ ಅಂಗಡಿಯ ಮುಂದೆ ಇಡಲಿಕ್ಕೆ ಯಾವ ಸರಕಾರದ ಅಪ್ಪಣೆ ಬೇಕು? ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿಯನ್ನು ಕಾರು ನಿಲ್ಲಿಸಿ ಕೊಳ್ಳುವವರು ಕಗ್ಗವನ್ನು ಬೇಡ ಎಂದಾರೆಯೇ?

ಮೂರನೆಯದು, ಕಾಂಡ್ಲ ನೆಡುವ ಜಾಗ, ಕಗ್ಗ ಬಿತ್ತುವ ಜಾಗ, ಬಳಚು ತೆಗೆಯುವ ಜಾಗ ಇವುಗಳನ್ನು ರೈತರು, ಮೀನುಗಾರರು, ಅರಣ್ಯ ಇಲಾಖೆ, ಕಂದಾಯ ಇಲಾಖೆ ಒಂದೇ ಚಾಪೆಯ ಮೇಲೆ ಕೂತು ಗುರುತಿಸಬೇಕು. ಈ ಇಲಾಖೆ ಆ ಇಲಾಖೆಯ ಕಡೆ, ಆ ಇಲಾಖೆ ಈ ಇಲಾಖೆಯ ಕಡೆ ಬೊಟ್ಟು ತೋರಿಸುತ್ತ ಕೂತರೆ ಕಡಲು ಕಾಯುವುದಿಲ್ಲ.

ನಾಲ್ಕನೆಯದು, ಬೀಜ. ಕಗ್ಗದ ಬೀಜ ಒಂದೆರಡು ಊರಿನ ಕಣಜದಲ್ಲಿ ಮಾತ್ರ ಉಳಿಯುವುದು ಅಪಾಯ. ಒಂದು ದೊಡ್ಡ ನೆರೆ ಬಂದು ಆ ಕಣಜ ಒದ್ದೆಯಾದರೆ ಮುಂದೆ ಯಾವ ದೇವರಿಗೆ ಹರಕೆ ಹೊತ್ತರೂ ಆ ಬೀಜ ಬಾರದು. ಹತ್ತು ಊರಿನ ಹತ್ತು ಮನೆಗಳಲ್ಲಿ ಅದು ಇರಬೇಕು, ಪ್ರತಿ ವರ್ಷ ಮಣ್ಣಿಗೆ ಬೀಳಬೇಕು.

ಇದಿಷ್ಟಕ್ಕೆ ತಗಲುವ ಖರ್ಚು ಕಡಲಿಗೆ ಸುರಿಯುವ ಕಲ್ಲಿನ ಲೆಕ್ಕದ ಮುಂದೆ ದೊಡ್ಡದಾಗಲಾರದು. ಮಳೆ ಯಾರ ಅರ್ಜಿಗೂ ಕಾಯುವುದಿಲ್ಲ. ಭರತ ಯಾರ ಸಹಿಗೂ ನಿಲ್ಲುವುದಿಲ್ಲ. ಮುಂದಿನ ಜೂನ್ ಬರುವ ಮೊದಲು ಸಂಬಂಧಪಟ್ಟವರು ಒಮ್ಮೆ ಜೀಪಿನಿಂದ ಇಳಿದು ಗಜನಿ ಕಟ್ಟೆಯ ಮೇಲೆ ನಡೆದು ನೋಡುವರೇ?